ಹೆಂಚಿನ ಮಾಡು, ಗಣಿಯ ಕಿವಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಣಿಪಾಲದಲ್ಲಿ ಸೋಲಾರ್ ಫಲಕ ಕೂರಿಸುವ ಕೆಲಸ ಕಲಿಸಲು ಸೇರಿ ಇಷ್ಟು ವರ್ಷವಾದರೂ ಅದು ಇಳಿದಿಲ್ಲ. ಅಂಥವಳ ತರಗತಿಗೆ ಏಣಿ ಕಂಡರೆ ಬೆವರುವ ವಿದ್ಯಾರ್ಥಿಯೊಬ್ಬರು ಬಂದರು.

ವಿದ್ಯಾರ್ಥಿ ಎಂದರೆ ನನಗಿಂತ ದೊಡ್ಡವರು. ಬೀದರ್ ಕಡೆಯವರು, ಹರೆಯದಲ್ಲೇ ತೆಲಂಗಾಣದ ಕಲ್ಲಿದ್ದಲು ಗಣಿಗೆ ಹೋಗಿ ಅರ್ಧ ಆಯುಷ್ಯ ನೆಲದೊಳಗೆ ಕಳೆದವರು. ಗಣಿ ಮುಚ್ಚಿತು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ಯೋಜನೆಯಲ್ಲಿ ಆರು ಮಂದಿ ನಮ್ಮಲ್ಲಿಗೆ ಬಂದರು. ಐವರು ಯುವಕರು, ಅಳಿಲುಗಳ ಹಾಗೆ ಏರಿ ಇಳಿದರು. ಇವರು ಮೂರನೇ ಮೆಟ್ಟಿಲಲ್ಲಿ ಕಣ್ಣು ಮುಚ್ಚಿ ನಿಂತುಬಿಟ್ಟರು.

"ಕೆಳಗ ಎಷ್ಟು ಬೇಕಾದ್ರೂ ಇಳೀತೀನ್ರಿ ಮೇಡಮ್ಮಾರ. ಮ್ಯಾಲ ಆಗಂಗಿಲ್ರಿ."

"ಸೂರ್ಯ ಇರುವುದು ಮೇಲೆ ಅಲ್ವಾ ಮಾರಾಯ್ರೇ?" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಆದರೆ ಮಾಡು, ಅಂದರೆ ಮನೆಯ ಚಾವಣಿ, ಏರದವರಿಗೆ ಪ್ರಮಾಣಪತ್ರ ಇಲ್ಲ, ಅದಿಲ್ಲದೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಕೆಲಸ ಸಿಕ್ಕಿದ ಮೇಲೆ ಹೆಂಡತಿ, ಮಗಳನ್ನು ಇಲ್ಲಿಗೇ ಕರೆಸಿಕೊಳ್ಳಬೇಕು ಎಂದು ಚಹಾ ಕುಡಿಯುವಾಗ ಅವರೇ ಹೇಳಿದ್ದರು. ಸಹಿ ಹಾಕಬೇಕಾದವಳು ನಾನು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಕೊನೆಯ ಪರೀಕ್ಷೆ ಕೆಮ್ಮಣ್ಣು ಎಂಬ ಊರಿನಲ್ಲಿ, ಹೊಳೆಯ ಬದಿಯ ಒಂದು ಹೆಂಚಿನ ಮನೆಯಲ್ಲಿ. ಮನೆಯೊಡತಿ ನಿವೃತ್ತ ಟೀಚರು, ನಮಗೆಲ್ಲ ಬನ್ಸ್ ಮಾಡಿಟ್ಟಿದ್ದರು. ಅಂಗಳದಲ್ಲಿ ಏಣಿ ಇಟ್ಟು ನೋಡುತ್ತೇನೆ, ನಮ್ಮ ಹಿರಿಯರು ನಾಪತ್ತೆ. ಒಳಗೆ ಹೋದರೆ, ಮಾವಿನಕಾಯಿ ಕೊಯ್ಯುವ ದೋಟಿಯಿಂದ ಮಾಡಿನ ಹೆಂಚು ಹೊತ್ತ ಮರದ ಪಕ್ಕಾಸುಗಳನ್ನು ಒಂದೊಂದಾಗಿ ಬಡಿಯುತ್ತಾ, ತಲೆ ವಾರೆ ಮಾಡಿ ಕೇಳುತ್ತಾ ನಿಂತಿದ್ದಾರೆ.

"ಇವರಿಗೆ ಎಂತ ಆಗಿದೆ?" ಎಂದು ಟೀಚರು ನನ್ನನ್ನು ಕೇಳಿದರು.

ನಾನು ಗದರಲು ಬಾಯಿ ತೆರೆದೆ. ಅವರು ಸುಮ್ಮನಿರಿ ಎಂದು ಕೈ ತೋರಿಸಿದರು. ಪಾಠ ಹೇಳುವ ನನಗೇ! ಇನ್ನೂ ನಾಲ್ಕು ಕಡೆ ಬಡಿದು, "ಈ ಮೂಲ್ಯಾಗ ಯಾರೂ ಹತ್ತಬ್ಯಾಡ್ರಿ" ಎಂದರು.

"ಹೋದ ಬೇಸಿಗೆಯಲ್ಲಿ ಬಣ್ಣ ಕೊಡಿಸಿದ್ದೇನೆ, ಮಾಡಿಗೆ ಎಂತದೂ ಆಗಲಿಲ್ಲ," ಎಂದರು ಟೀಚರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು, ನಮ್ಮ ಹಿರಿಯರಿಗೆ ಕೇಳುವ ಹಾಗೆಯೇ. ಅವರು ಬೇಸರಿಸದೆ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ಮೇಜು ಹತ್ತಿ ಚುಚ್ಚಿದೆ. ಹೊಳೆಯುವ ಬಣ್ಣದ ಹಿಂದೆ ಮರವೇ ಇರಲಿಲ್ಲ. ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು, ಗೆದ್ದಲಿನ ಹುಡಿ ನನ್ನ ಮುಖದ ಮೇಲೆ ಸುರಿಯಿತು. ಹೊರಗೆ ಯುವಕನೊಬ್ಬ ಆಗಲೇ ಏಣಿಯ ತುದಿಯಲ್ಲಿದ್ದ. ಅವನನ್ನು ಕೂಗಿ ಇಳಿಸಿ, ಏಣಿಯನ್ನು ನಾನೇ ನೆಲಕ್ಕೆ ಮಲಗಿಸಿದೆ.

ಬನ್ಸ್ ತಿನ್ನುತ್ತಾ ವಿಚಾರಿಸಿದೆ. ಗಣಿಯಲ್ಲಿ ಪ್ರತಿ ಪಾಳಿಗೂ ಮೊದಲು ಒಳಹೋಗುತ್ತಿದ್ದವರು ಇವರೇ. ಸುರಂಗದ ಚಾವಣಿಯನ್ನು ಸರಳಿನಿಂದ ಬಡಿದು, ಟೊಳ್ಳು ಸದ್ದು ಬಂದರೆ ಎಲ್ಲರನ್ನೂ ಹೊರಗೇ ನಿಲ್ಲಿಸುವುದು ಇವರ ಕೆಲಸ. ನಾನು ಮೊದಲ ದಿನವೇ ಇವರ ಅರ್ಜಿಯಲ್ಲಿ 'ಸಂಬಂಧಪಟ್ಟ ಅನುಭವ: ಇಲ್ಲ' ಎಂದು ಬರೆದಿದ್ದೆ. ಏನು ಮಾಡುತ್ತಿದ್ದಿರಿ ಎಂದು ಕೇಳಿರಲೂ ಇಲ್ಲ. ನನಗೆ ತುಂಬಾ ನಾಚಿಕೆಯಾಯಿತು.

ಆ ಸಾಲನ್ನು ಹೊಡೆದುಹಾಕಿ, 'ಇವರು ಪರೀಕ್ಷಿಸಿ ಹೇಳದೆ ಯಾರೂ ಮಾಡು ಏರಬಾರದು' ಎಂದು ಬರೆದು, ಪ್ರಮಾಣಪತ್ರಕ್ಕೂ ಸಹಿ ಹಾಕಿದೆ. ಇದಕ್ಕೆ ಫಾರಂನಲ್ಲಿ ಜಾಗವೇ ಇಲ್ಲ ಎಂದರು ಆಫೀಸಿನವರು. ಜಾಗ ಮಾಡಿಸಿದೆ. ನನ್ನ ಸಿಟ್ಟು ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಕಟಪಾಡಿಯ ಗುತ್ತಿಗೆದಾರರೊಬ್ಬರು ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಒಪ್ಪಿದರು, ಆದರೆ ಗೊಣಗಿದರು. "ಏರದವರಿಗೆ ಏರುವವರಷ್ಟೇ ಸಂಬಳ ಯಾಕೆ ಮೇಡಂ?"

"ಏರಿದವರು ಇಳಿದು ಬರಬೇಕಲ್ಲ, ಅದಕ್ಕೆ," ಎಂದೆ.

ಈಗ ನಮ್ಮ ಹಿರಿಯರ ಹೆಂಡತಿ, ಮಗಳು ಕಾಪುವಿನ ಬಾಡಿಗೆ ಮನೆಯಲ್ಲಿದ್ದಾರೆ. ಮಗಳು ತುಳುವಿನಲ್ಲಿ ಜಗಳ ಮಾಡುವಷ್ಟು ಕಲಿತಿದ್ದಾಳಂತೆ. ಹೋದ ತಿಂಗಳು ಅವರು ಕೆಲಸ ಮಾಡುವ ಜಾಗಕ್ಕೆ ಹೋಗಿದ್ದೆ, ಬಜಗೋಳಿಯ ಒಂದು ಹಳೆಯ ಮನೆ. ಹತ್ತು ಗಂಟೆಯಾದರೂ ಏಣಿ ಮಲಗಿಯೇ ಇತ್ತು. ಕೆಲಸದವರೆಲ್ಲ ಸೊಂಟಕ್ಕೆ ಬೆಲ್ಟ್ ಬಿಗಿದು ಜಗಲಿಯಲ್ಲಿ ಸಾಲಾಗಿ ಕುಳಿತಿದ್ದರು. ಗುತ್ತಿಗೆದಾರರೂ ಅವರ ಜೊತೆ ಕುಳಿತು ಗಡಿಯಾರ ನೋಡುತ್ತಿದ್ದರು, ಆದರೆ ಏಣಿ ಎತ್ತಿ ಎಂದು ಯಾರಿಗೂ ಹೇಳಲಿಲ್ಲ. ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಲೇ ಇತ್ತು.

ಕೊನೆಗೆ ನಮ್ಮ ಹಿರಿಯರು ಹೊರಬಂದು ಕೈ ಒರೆಸಿಕೊಂಡು, "ಹತ್ರಿ ಇನ್ನ" ಎಂದರು. ಗುತ್ತಿಗೆದಾರರು ತಲೆಯಾಡಿಸಿದರು. ಏಣಿಗೆ ಮೊದಲು ಕಾಲಿಟ್ಟದ್ದು ಗುತ್ತಿಗೆದಾರರ ಸ್ವಂತ ಮಗ.