ಇಲ್ಲದ ಗೋಡೆ

ಊರಂಚಿನ ಬಯಲಲ್ಲಿ ಮನೆ ಕಟ್ಟಬೇಕೆಂದರೆ ನಕ್ಷೆ ಸಾಹೇಬರ ಸಹಿ ಬೇಕು. ಅವರು ಕಚೇರಿಯಲ್ಲಿ ಕೂತು ಸಹಿ ಹಾಕುವ ಆಸಾಮಿಯಲ್ಲ ಎಂಬುದು ಮೂರು ಸಲ ಬರಿಗೈಲಿ ಮರಳಿದ ಗುತ್ತಿಗೆದಾರನಿಗೆ ಗೊತ್ತು. ನೆಲದ ಮೇಲೆ ಸುಣ್ಣದ ಗೆರೆಗಳಷ್ಟೇ ಇರುವ ಮನೆಗಳಿಗೂ ಅವರು ಚಪ್ಪಲಿ ಬಿಟ್ಟು, ಬಾಗಿಲು ಬರುವ ಕಡೆಯಿಂದಲೇ ಒಳಹೋಗುತ್ತಾರೆ. ಇಲ್ಲದ ಗೋಡೆಯನ್ನು ಅಪ್ಪಿತಪ್ಪಿಯೂ ದಾಟುವುದಿಲ್ಲ. "ಒಲೆ ಮುಂದೆ ನಿಂತೋರಿಗೆ ಗಾಳಿ ಎಲ್ಲಿಂದಯ್ಯಾ ಬರುತ್ತೆ?" ಎಂದು ಗದರುತ್ತಾರೆ. ಇವತ್ತು ಕೊನೆಯ ಮನೆಯ ಮೂಲೆಕೋಣೆಯಲ್ಲಿ ಮಣ್ಣಿನ ಮೇಲೆ ಅಂಗಾತ ಮಲಗಿಯೇ ಬಿಟ್ಟರು. "ಹಾಸಿಗೆ ಹಿಡಿದೋರಿಗೆ ಇದೇ ಕೋಣೆ ಕೊಡ್ತಾರೆ. ನಮ್ಮಮ್ಮ ಆರು ವರ್ಷ ಬರೀ ಗೋಡೆ ನೋಡಿದ್ಲು. ಇಲ್ಲಿಂದ ದಾರಿ ಕಾಣ್ಬೇಕು," ಎಂದವರೇ ಎದ್ದು, ನಕ್ಷೆಯಲ್ಲಿ ತಾವೇ ಕಿಟಕಿ ಬರೆದು ಸಹಿ ಹಾಕಿದರು. ಕಾಗದ ಸಿಕ್ಕಿದ್ದೇ ನೆಟ್ಟಗೆ ಹೊರಟ ಗುತ್ತಿಗೆದಾರ ಸುಣ್ಣದ ಗೆರೆಯೆದುರು ಗಕ್ಕನೆ ನಿಂತು, ಸುತ್ತುಬಳಸಿ ಬಾಗಿಲು ಬರುವ ಕಡೆಯಿಂದಲೇ ಹೊರಹೋದ.