ಟ್ಯಾಬಿನ ಮೇಲಿನ ವಿಭೂತಿ

ಆ ವರ್ಷದ ನನ್ನ ಡೈರಿಯಲ್ಲಿ ಒಂದು ಸಾಲಿದೆ: ‘ಐದನೆಯ ತರಗತಿಯ ಹುಡುಗಿಗೆ ಭಿನ್ನರಾಶಿಯ ಭಯ. ಕಾರಣ ಬಹಳ ಆಳದಲ್ಲಿದೆ.’ ಅಕ್ಷರ ನನ್ನದೇ. ಆದರೂ ಇದನ್ನು ಬರೆದವಳನ್ನು ಎದುರಿಗೆ ಕೂರಿಸಿಕೊಂಡು, ಅಷ್ಟು ಆಳಕ್ಕೆ ಇಳಿದು ನೋಡಿದ್ದಾದರೂ ಏನು ಎಂದು ಕೇಳಬೇಕೆನ್ನಿಸುತ್ತದೆ.

ನಾನು ಹಾನಗಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಶಾಲೆ ಅಕ್ಕಿಆಲೂರಿನಿಂದ ಒಳಗೆ, ಭತ್ತದ ಗದ್ದೆಗಳ ನಡುವಿನ ಊರಿನಲ್ಲಿತ್ತು. ಎಲ್ಲ ತರಗತಿಯ ಮಕ್ಕಳೂ ಒಂದೇ ಕೋಣೆಯಲ್ಲಿ. ಆ ಶಾಲೆಗೆ ಟ್ಯಾಬುಗಳು ಬಂದಾಗ ಎಲ್ಲರಿಗಿಂತ ಹಿಗ್ಗಿದವಳು ನಾನೇ. ಧಾರವಾಡದಲ್ಲಿ ಎಂ.ಎ. ಮಾಡಿದವಳು, ಕಲಿಕೆಯ ಮನೋವಿಜ್ಞಾನದ ಬಗ್ಗೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಟ್ಯಾಬಿನಲ್ಲಿ ವಾರಕ್ಕೊಮ್ಮೆ ಒಂದು ಪರೀಕ್ಷೆ, ಪರದೆಯ ಮೇಲಿನ ಉತ್ತರಗಳಲ್ಲಿ ಒಂದನ್ನು ಒತ್ತುವಂಥದು. ಮೊದಲ ಪ್ರಶ್ನೆ ಮಗುವಿನ ತರಗತಿಯದೇ. ಒಂದು, ಎರಡನೆಯ ತರಗತಿಯವರು ಹೇಗೂ ಸಣ್ಣವರ ಗುಂಪಿನಲ್ಲೇ. ಉಳಿದವರಿಗೆ ಅದು ಸರಿಯಾದರೆ ದೊಡ್ಡವರ ಗುಂಪು, ಕಿಟಕಿಯ ಬದಿಯ ಜಮಖಾನೆ. ತಪ್ಪಾದರೆ ಸಣ್ಣವರ ಗುಂಪು, ಬಾಗಿಲ ಬದಿಯ ಜಮಖಾನೆ. ಆಮೇಲೆ ಬರುವುದೆಲ್ಲ ಸಣ್ಣವರ ಲೆಕ್ಕವೇ. ಐದನೆಯ ತರಗತಿಗೆ ಮೊದಲ ಪ್ರಶ್ನೆ ಪ್ರತಿ ಸಲವೂ ಭಿನ್ನರಾಶಿಯದು.

ಕಪ್ಪು ಹಲಗೆಯ ಮೇಲೆ ಯಾವ ಲೆಕ್ಕ ಕೊಟ್ಟರೂ ಮಾಡುತ್ತಿದ್ದ ಐದನೆಯ ತರಗತಿಯ ಒಬ್ಬ ಹುಡುಗಿಯನ್ನು ಟ್ಯಾಬು ವಾರ ವಾರವೂ ಬಾಗಿಲ ಬದಿಗೆ ತಳ್ಳುತ್ತಿತ್ತು. ಅಲ್ಲಿ ಎರಡನೆಯ ತರಗತಿಯ ಅವಳ ತಂಗಿ ಜಾಗ ಹಿಡಿದುಕೊಂಡು ಕಾಯುತ್ತಿದ್ದಳು. ದೊಡ್ಡವಳು ಮಾತು ಕಡಿಮೆ ಮಾಡಿದಳು. ಆಮೇಲೆ ಅವಳ ಅವ್ವ ಶಾಲೆಗೆ ಬಂದಳು.

“ಅಕ್ಕೋರ, ದೊಡ್ಡಾಕಿ ಸಾಲಿ ಒಲ್ಲೆ ಅಂತ ಕುಂತಾಳ್ರಿ. ಸಣ್ಣಾಕಿ ‘ನಾನೂ ಅಕ್ಕಾನೂ ಒಂದ ಕ್ಲಾಸು’ ಅಂತ ಮನಿ ತುಂಬ ಕುಣಿಯಾಕತ್ತಾಳ. ನಮ್ಮ ಹುಡುಗಿ ಅಷ್ಟು ದಡ್ಡಿ ಏನ್ರಿ?”

“ದಡ್ಡಿ ಅಲ್ಲ, ಯವ್ವಾ. ಇದು ಭಿನ್ನರಾಶಿ ಸಮಸ್ಯಾ,” ಎಂದೆ.

ಅದು ಯಾವ ಬೇನೆಯೋ ಎಂಬಂತೆ ಅವಳು ತಲೆಯಾಡಿಸಿದಳು. ಬರುವ ಶನಿವಾರದ ಪರೀಕ್ಷೆಯಲ್ಲಿ ಬಿದ್ದ ಗುಂಪೇ ವರ್ಷದ ಕೊನೆಯವರೆಗೆ ಖಾಯಂ ಎಂದು ಮೇಲಿನಿಂದ ಸೂಚನೆ ಬಂದಿತ್ತು. “ಶನಿವಾರ ನೋಡ್ತೇನ್ರಿ, ಆಗಲಿಲ್ಲಂದ್ರ ಸಾಲಿ ಬಿಡಸ್ತೇನಿ,” ಎಂದು ಹೇಳಿ ಹೋದಳು.

ನಾನು ಚಿಕಿತ್ಸೆಗೆ ಇಳಿದೆ. ಮನೆಯಿಂದ ಜೋಳದ ರೊಟ್ಟಿ ಒಯ್ದು ಅರ್ಧ, ಕಾಲು, ಮುಕ್ಕಾಲು ಮಾಡಿ ಕೇಳಿದೆ. ಹುಡುಗಿ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿ ಕಾಲು ಭಾಗ ತಿಂದಳು. ಇದರಿಂದ ನಾನು ಕಂಡುಕೊಂಡ ಸಿದ್ಧಾಂತ: ರೊಟ್ಟಿಯಲ್ಲಿ ತಿಳಿಯುವುದು ಪರದೆಯ ಮೇಲೆ ತಿಳಿಯುವುದಿಲ್ಲ, ಮೂರ್ತದಿಂದ ಅಮೂರ್ತಕ್ಕೆ ದಾಟುವಾಗ ಮನಸ್ಸು ಹೆದರುತ್ತದೆ. ಶಿಗ್ಗಾಂವದಲ್ಲಿ ಶಿಕ್ಷಕರ ತರಬೇತಿ ಇತ್ತು. ಅಲ್ಲಿ ಎದ್ದು ನಿಂತು ಇದನ್ನೇ ವಿವರಿಸಿದೆ. ಚಪ್ಪಾಳೆ ತಟ್ಟಿದರೆಂದು ನನ್ನ ನೆನಪು. ಊಟದ ಹೊತ್ತಾಗಿತ್ತು, ಮುಗಿಯಿತಲ್ಲ ಎಂದು ತಟ್ಟಿದ್ದರೂ ಇರಬಹುದು.

ಇಷ್ಟು ದಿನವೂ ಅವಳ ಟ್ಯಾಬಿನ ಪರದೆಯ ಮೇಲೆ ಬೂದು ಬಣ್ಣದ ಕಲೆ ಇರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಅದನ್ನು ಸೆರಗಿನಿಂದ ಒರೆಸಿ ಇಡುತ್ತಿದ್ದವಳು ನಾನೇ. ಕಾರಣ ಆಳದಲ್ಲಿದೆ ಎಂದುಕೊಂಡವಳಿಗೆ ಮೇಲಿನದು ಹೇಗೆ ಕಂಡೀತು?

ಶನಿವಾರ ಪರೀಕ್ಷೆ ತೆರೆದು ಒಬ್ಬೊಬ್ಬರ ಕೈಗೂ ಟ್ಯಾಬು ಕೊಡುತ್ತ ಬಂದೆ. ದೊಡ್ಡವಳ ಕೈಗೆ ಕೊಡುವ ಮೊದಲೇ ತಂಗಿ ಬಾಗಿಲ ಬದಿಯಿಂದ ಕೂಗಿದಳು: “ಬಾರಬೇ ಅಕ್ಕಾ, ಜಾಗಾ ಹಿಡದೇನಿ. ಹೆಂಗೂ ನೀ ಹಣಿಲೇ ಉತ್ತರಾ ಕೊಡಾಕಿ!”

ಮಕ್ಕಳೆಲ್ಲ ನಕ್ಕರು. ನಾನು ಮಾತ್ರ ನಗಲಿಲ್ಲ, ಯಾಕೆಂದರೆ ನನಗೆ ಗೊತ್ತಾಗಿರಲಿಲ್ಲ.

“ಹಣಿಲೇ ಅಂದ್ರ?”

ದೊಡ್ಡವಳು ತಲೆ ತಗ್ಗಿಸಿದಳು. “ಶುರು ಮಾಡೂ ಮುಂದ ಹಣಿಗೆ ಒತ್ಕೊಂತೇನ್ರಿ. ಮತ್ತ ನೋಡೂದ್ರಾಗ ಸಣ್ಣವ್ರ ಲೆಕ್ಕ ಬಂದಿರ್ತೈತಿ. ನನ್ನ ನಸೀಬದಾಗ ಅದ ಐತಿ ಅಂತ ಮಾಡಿದ್ದೆ.”

ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಹಣೆಗೆ ಒತ್ತಿಕೊಳ್ಳುವುದು ನಮ್ಮ ಕಡೆಯ ರೂಢಿ. ಕಾಗದ ಅದನ್ನು ಸುಮ್ಮನೆ ಸಹಿಸಿಕೊಳ್ಳುತ್ತಿತ್ತು. ಟ್ಯಾಬು ಹಣೆಯನ್ನೂ ಬೆರಳೆಂದೇ ತಿಳಿಯುತ್ತದೆ. ಮೂರು ಬೆರಳಿನ ವಿಭೂತಿ ಹಚ್ಚಿದ ಆ ಹಣೆ ಯಾವುದೋ ತಪ್ಪು ಉತ್ತರವನ್ನು ಒತ್ತುತ್ತಿತ್ತು. ಭಿನ್ನರಾಶಿಯ ಪ್ರಶ್ನೆಯನ್ನು ಹುಡುಗಿ ಕಣ್ಣಿನಿಂದ ಕಂಡೇ ಇರಲಿಲ್ಲ!

“ಟ್ಯಾಬು ಯಾಕ ಒತ್ಕೊಂತೀಯಬೇ, ಹುಚ್ಚಿ?”

“ನೀವ ಹೇಳಿದ್ರಿ ಅಲ್ರಿ, ಅಕ್ಕೋರ. ಮೊದಲನೇ ದಿನ ಯಾರೋ ಕಾಲು ತಾಗಿಸಿದ್ರು. ‘ಇದೂ ವಿದ್ಯಾನ, ಹಣಿಗೆ ಒತ್ಕೊಂಡು ಶುರು ಮಾಡ್ರಿ’ ಅಂದ್ರಿ.”

ಹಾಗೆ ಹೇಳಿದ ನೆನಪು ನನಗಿಲ್ಲ. ಉಳಿದ ಮಕ್ಕಳು “ಹೌದ್ರಿ, ಹೌದ್ರಿ” ಎಂದರು. ಅವರೂ ಕೇಳಿ ಮರೆತಿದ್ದರು. ನನ್ನ ಮಾತನ್ನು ಪಾಲಿಸಿದವಳು ಇವಳೊಬ್ಬಳೇ. ಪಾಲಿಸಿದ್ದಕ್ಕೇ ಬಾಗಿಲ ಬದಿಗೆ ಬಿದ್ದಿದ್ದಳು.

“ಹಂಗಾರ ಇವತ್ತು ಒತ್ಕೋಬ್ಯಾಡ,” ಎಂದು ಟ್ಯಾಬು ಕೊಟ್ಟೆ.

ಅವಳ ಮುಖ ಬಾಡಿತು. ವರ್ಷವಿಡೀ ಉಳಿಯುವ ಪರೀಕ್ಷೆಯನ್ನು ನಮಸ್ಕಾರವಿಲ್ಲದೆ ಬರೆಯುವುದು ಹೇಗೆ? ಕೇಳಿದಳು: “ಬೆನ್ನಿನ ಕಡೆ ಒತ್ಕೊಂಡ್ರ ನಡೀತೈತೇನ್ರಿ?”

“ನಡೀತೈತಿ,” ಎಂದೆ, ಮಠದ ಸ್ವಾಮಿಗಳ ಗತ್ತಿನಲ್ಲಿ. ಯಾವ ಶಾಸ್ತ್ರದ ಆಧಾರದ ಮೇಲೆ ಹೇಳಿದೆನೋ ಇಂದಿಗೂ ಗೊತ್ತಿಲ್ಲ.

ಟ್ಯಾಬನ್ನು ತಿರುವಿ ಬೆನ್ನನ್ನು ಹಣೆಗೆ ಒತ್ತಿಕೊಂಡಳು. ಮತ್ತೆ ತಿರುವಿ ತುಟಿಯಾಡಿಸುತ್ತ ಪ್ರಶ್ನೆ ಓದಿದಳು. ಬೆರಳು ಪರದೆಯ ಮೇಲೆ ನಿಂತು, ಆಚೀಚೆ ಆಡಿ, ಒತ್ತಿತು. ಆಮೇಲೆ ಯಾರ ಮುಖವನ್ನೂ ನೋಡದೆ ಎದ್ದು ಕಿಟಕಿಯ ಬದಿಗೆ ಹೋಗಿ ಕುಳಿತಳು.

ತಂಗಿ ಹಿಡಿದಿಟ್ಟ ಜಾಗದ ಮೇಲೆ ಕೈ ಇಟ್ಟುಕೊಂಡೇ ಇದ್ದಳು. “ಮತ್ತ ನನಗ ಲೆಕ್ಕಾ ಯಾರು ಹೇಳಿಕೊಡ್ತಾರ್ರಿ, ಅಕ್ಕೋರ?” ಎಂದು ಅಳತೊಡಗಿದಳು.

ಆ ದಿನದ ಡೈರಿಯನ್ನು ಈಗ ತೆರೆದು ನೋಡಿದೆ. ‘ಭಯ ನಿವಾರಣೆಯಾಯಿತು. ರೊಟ್ಟಿಯ ವಿಧಾನ ಕೊನೆಗೂ ಫಲ ಕೊಟ್ಟಿತು’ ಎಂದಿದೆ. ವಿಭೂತಿಯ ಸುದ್ದಿಯೇ ಇಲ್ಲ.