ಕಾಣದ ಅಕ್ಷರಕ್ಕೊಂದು ಮರದ ಗುಂಡು

ಕೊರೊನಾ ಮುಗಿದ ಮರುವರ್ಷ ಹೊಂಗನೂರಿನಿಂದ ಬರುವಾಗ ಸ್ಕೂಟರ್ ಜಾರಿ ನನ್ನ ಎಡಗೈ ಮುರಿಯಿತು. ಪಟ್ಟಿ ಬಿಚ್ಚಿದ ಮೇಲೂ ಬೆರಳುಗಳು ಮಡಚುತ್ತಿರಲಿಲ್ಲ. ಚನ್ನಪಟ್ಟಣದ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿ ಬದುಕುವವಳು ನಾನು. ನನ್ನ ಅನ್ನವೇ ಆ ಬೆರಳುಗಳಲ್ಲಿತ್ತು.

ಒಂದೇ ಕೈಯಲ್ಲಿ ಅಕ್ಷರ ಹೊಡೆಯುವುದೇನೋ ರೂಢಿಯಾಯಿತು. ನನ್ನನ್ನು ಅಳಿಸಿದ್ದು ಕಣ್ಣಿಗೇ ಕಾಣದ ಒಂದು ಅಕ್ಷರ. ‘ಅಮೀರ್‌ಜಾನ್’ ಎಂದು ಹೊಡೆದರೆ ಕಂಪ್ಯೂಟರ್ ನಡುವಿನ ಎರಡು ಅಕ್ಷರಗಳನ್ನು ತಾನಾಗಿಯೇ ಅಂಟಿಸಿ ‘ಅಮೀರ್ಜಾನ್’ ಮಾಡಿಬಿಡುತ್ತದೆ. ಬಿಡಿಸಬೇಕೆಂದರೆ ಕಂಟ್ರೋಲ್, ಶಿಫ್ಟ್ ಮತ್ತು ಎರಡರ ಅಂಕಿ, ಮೂರನ್ನೂ ಒಟ್ಟಿಗೆ ಒತ್ತಬೇಕು. ಪರದೆಯ ಮೇಲೆ ಏನೂ ಮೂಡುವುದಿಲ್ಲ, ಅಕ್ಷರಗಳು ಮಾತ್ರ ಬೇರೆಯಾಗುತ್ತವೆ. ಲಗ್ನಪತ್ರಿಕೆಗಳಲ್ಲಿ ಇಂಥ ಹೆಸರುಗಳು ಬರುತ್ತಲೇ ಇರುತ್ತವೆ. ಒಂದು ಒತ್ತಿದರೆ ಇನ್ನೊಂದು ತಪ್ಪುತ್ತಿತ್ತು. ಕೆಲಸ ರಾಶಿ ಬಿತ್ತು.

“ಸೋಮವಾರದ ತನಕ ನೋಡ್ತೀನಿ ಕಣಮ್ಮ. ಆಗ್ನಿಲ್ಲ ಅಂದ್ರೆ ಬೇರೆಯವ್ರನ್ನ ಕರೀಬೇಕಾಯ್ತದೆ” ಎಂದರು ಮಾಲೀಕರು. ಅವರದೂ ತಪ್ಪಲ್ಲ ಬಿಡಿ.

ಅಮೀರ್‌ಜಾನ್ ಅನ್ನುವುದು ಮರದ ಆಟಿಕೆ ಮಾಡುವ ಸಾಬರ ಹೆಸರು. ಡಬ್ಬಿಗೆ ಅಂಟಿಸುವ ಲೇಬಲ್ ಮಾಡಿಸಲು ಬಂದಿದ್ದ ಅವರು ನನ್ನ ಒದ್ದಾಟ ನೋಡುತ್ತಾ ಕುಳಿತಿದ್ದರು.

“ಈ ಎರಡು ಕೀ ಒಂದರ ಪಕ್ಕ ಒಂದು ಅವಲ್ಲ ಬೇಟಿ, ಎರಡಕ್ಕೂ ಸೇರಿಸಿ ಒಂದು ಟೋಪಿ ಹಾಕ್ಬುಟ್ರೆ?” ಎಂದವರೇ ಜೇಬಿನಿಂದ ದಾರ ತೆಗೆದು ಕಂಟ್ರೋಲ್, ಶಿಫ್ಟ್ ಎರಡನ್ನೂ ಅಳೆದುಕೊಂಡು ಹೋದರು.

ಶನಿವಾರ ಒಂದು ಮರದ ಗುಂಡು ತಂದರು. ಕೆಂಪು ಅರಗಿನ ಬಣ್ಣ, ನಡುವೆ ಹಳದಿ ಉಂಗುರ. ಕಣ್ಣಿಗೆ ಹಬ್ಬವಾಗಿತ್ತು! ಕೀಗಳ ಮೇಲಿಟ್ಟು ಒತ್ತಿದೆ. ಸರ್ರನೆ ಜಾರಿ ಟೇಬಲ್ ಕೆಳಗೆ ಉರುಳಿತು. ಮಾಲೀಕರು ನಕ್ಕುಬಿಟ್ಟರು. ನನಗೆ ಅಳು ಒತ್ತಿ ಬಂತು.

ಸಾಬರು ಹಣೆ ಚಚ್ಚಿಕೊಂಡರು. “ಪಾಲಿಶ್ ಮಾಡ್ದೆ ಈ ಕೈ ಏನೂ ಆಚೆ ಬಿಡಾಕಿಲ್ಲ ಕಣಮ್ಮ. ತಳಕ್ಕೂ ಅರಗು ಹಾಕಿ ತಾಳೆಗರೀಲಿ ಉಜ್ಬುಟ್ಟಿವ್ನಿ!”

ಎದುರಿನ ಪಂಕ್ಚರ್ ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಅಷ್ಟು ಚೆಂದದ ವಸ್ತುವಿನ ತಳವನ್ನು ಸಿಮೆಂಟಿಗೆ ಗರಗರ ತಿಕ್ಕಿದರು. ಮುಖ ಮಾತ್ರ ಸಣ್ಣಗಾಗಿತ್ತು, ತಿಕ್ಕಿಸಿಕೊಳ್ಳುತ್ತಿರುವವರು ತಾವೇ ಎಂಬಂತೆ. ಆಮೇಲೆ ಸೈಕಲ್ ಟ್ಯೂಬಿನ ಚೂರು ಅಂಟಿಸಿ ತಂದುಕೊಟ್ಟರು.

ಗುಂಡಿನ ಮೇಲೆ ಅಂಗೈ ಇಟ್ಟು, ಬೆರಳು ಚಾಚಿ ಎರಡರ ಅಂಕಿಯನ್ನು ಒತ್ತಿದೆ. ಅವರ ಹೆಸರಿನ ಅಕ್ಷರಗಳು ತಣ್ಣಗೆ ಬೇರೆಯಾದವು.

“ಸೋಮವಾರ ಒಸಿ ಬೇಗ ಬಾರಮ್ಮ, ಪತ್ರಿಕೆ ಕೆಲ್ಸ ಜಾಸ್ತಿ ಐತೆ” ಎಂದರು ಮಾಲೀಕರು. ಆಗ ನಿಜವಾಗಿಯೂ ಅತ್ತುಬಿಟ್ಟೆ.

ಈಗ ಬೆರಳುಗಳು ಮಡಚುತ್ತವೆ. ಹೊಸ ಕೀಬೋರ್ಡೂ ಬಂದಿದೆ. ಆದರೂ ಆ ಗುಂಡನ್ನು ನಾನು ಬಿಟ್ಟಿಲ್ಲ, ಅದರಲ್ಲೇ ಒತ್ತುತ್ತೇನೆ. ಪರದೆಯ ಮೇಲೆ ಇವತ್ತಿಗೂ ಏನೂ ಕಾಣುವುದಿಲ್ಲ. ನನಗೆ ಮಾತ್ರ ಪಂಕ್ಚರ್ ಅಂಗಡಿಯ ಮೆಟ್ಟಿಲ ಮೇಲೆ ಕೂತ ಸಾಬರು ಕಾಣುತ್ತಾರೆ.